ಜಾಗ ಬದಲಿಸುವ ಬರಡು: ಕಂಬಂ ಕಣಿವೆಯ ನೀರು, ನೆಲ ಮತ್ತು ಕಾಡಿನ ಕಥೆ

ತೇನಿ ಜಿಲ್ಲೆಯ ಉತ್ತಮಪಾಳ್ಯಂ ತಾಲ್ಲೂಕಿನಲ್ಲಿ, ಚಿನ್ನಮನೂರಿನ ನೆರೆಯಲ್ಲಿ ಮಾರ್ಕಯನ್‌ಕೋಟ್ಟೈ ಎಂಬ ಸಣ್ಣ ಪಟ್ಟಣ ಪಂಚಾಯ್ತಿ ಇದೆ. ಅದರ ಪಶ್ಚಿಮಕ್ಕೆ ಕೇರಳದ ಇಡುಕ್ಕಿಯ ಏಲಕ್ಕಿ ಬೆಟ್ಟಗಳು, ಇನ್ನೊಂದು ಮಗ್ಗುಲಿಗೆ ಮೇಘಮಲೆಯ ಸಾಲು. ನಡುವಿನ ತಗ್ಗೇ ಕಂಬಂ ಕಣಿವೆ. ಮುಂಗಾರಿನ ಮೋಡ ಅರಬ್ಬಿ ಸಮುದ್ರದಿಂದ ಬಂದು ಬೆಟ್ಟದ ಆಚೆ ಮಗ್ಗುಲಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಬೆಟ್ಟ ದಾಟಿ ಈಚೆಗೆ ಬರುವ ಹೊತ್ತಿಗೆ ಅದರಲ್ಲಿ ಗಾಳಿಯೇ ಹೆಚ್ಚು, ನೀರು ಕಡಿಮೆ. ಕಣಿವೆಗೂ ಅದರ ಮುಂದಿನ ಬಯಲಿಗೂ ದಕ್ಕುವುದು ಎಂಟು ನೂರು ಮಿಲಿಮೀಟರ್ ಆಸುಪಾಸಿನ ಮಳೆ. ಅದರಲ್ಲೂ ಹೆಚ್ಚಿನದಕ್ಕೆ ಹಿಂಗಾರನ್ನೇ ನೆಚ್ಚಬೇಕು.

ಇಷ್ಟಾದರೂ ಈ ಕಣಿವೆಯ ತಳದಲ್ಲಿ ಇಂದು ವರ್ಷಕ್ಕೆ ಎರಡು ಬೆಳೆ ಭತ್ತ, ಬಾಳೆ, ತೆಂಗು, ದ್ರಾಕ್ಷಿ ಕಾಣುತ್ತವೆ. ಅಲ್ಲಿಂದ ಕೆಲವು ಮೈಲಿ ಪೂರ್ವಕ್ಕೆ, ಆಂಡಿಪಟ್ಟಿಯ ಕಡೆಗೆ ಹೋದರೆ ಕೆಂಪು ನೆಲ, ಜಾಲಿ, ಕಲ್ಲುಗುಡ್ಡ, ಗಾಳಿಯಂತ್ರಗಳ ಸಾಲು. ಒಂದೇ ಜಿಲ್ಲೆ, ಹೆಚ್ಚುಕಡಿಮೆ ಒಂದೇ ಆಕಾಶ. ಈ ವ್ಯತ್ಯಾಸದ ಬಹುಪಾಲನ್ನು ಬರೆದದ್ದು ಮನುಷ್ಯರ ಕೈ. ಅದಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯ ಒಂದು ಮುಖ್ಯ ಎಳೆ ಕನ್ನಡ ಮಾತಾಡುವ ಜನರದ್ದು.

ಮರುಭೂಮೀಕರಣ ಎಂದಾಗ ಮರಳಿನ ದಿಬ್ಬಗಳು ಊರಿನ ಮೇಲೆ ಏರಿ ಬರುವ ಚಿತ್ರ ಮನಸ್ಸಿಗೆ ಬರುತ್ತದೆ. ವಿಶ್ವಸಂಸ್ಥೆಯ ಒಡಂಬಡಿಕೆ ಹೇಳುವುದು ಬೇರೆ: ಒಣ, ಅರೆಒಣ ಮತ್ತು ಅದಕ್ಕಿಂತ ಕೊಂಚ ತೇವದ ಸೀಮೆಗಳಲ್ಲಿ ಹವಾಮಾನದ ಏರುಪೇರು ಹಾಗೂ ಮನುಷ್ಯನ ಚಟುವಟಿಕೆ ಸೇರಿ ನೆಲ ತನ್ನ ಕಸುವು ಕಳೆದುಕೊಳ್ಳುವುದೇ ಮರುಭೂಮೀಕರಣ. ಬರ ಒಂದೆರಡು ವರ್ಷ ಕಾಡಿ ಹೋಗುತ್ತದೆ, ಮಳೆ ಬಂದರೆ ತೀರುತ್ತದೆ. ಕೊಚ್ಚಿಹೋದ ಮೇಲ್ಮಣ್ಣು ಮುಂದಿನ ಮಳೆಗೆ ಮರಳಿ ಬರುವುದಿಲ್ಲ. ಕಂಬಂ ಕಣಿವೆಯ ಇನ್ನೂರು ವರ್ಷದ ಕಥೆ ಓದಿದಾಗ ನನಗೆ ಮುಖ್ಯವಾಗಿ ಕಂಡದ್ದು ಇದು: ಬರಡಾಗುವ ಅಪಾಯವನ್ನು ಪ್ರತಿ ಕಾಲದ ಜನರೂ ಒಂದು ಜಾಗದಿಂದ ಓಡಿಸಿದ್ದಾರೆ, ಪ್ರತಿ ಸಲವೂ ಅದು ಇನ್ನೊಂದು ಜಾಗದಲ್ಲಿ ತಲೆಯೆತ್ತಿದೆ.

ತುಂಗಭದ್ರೆಯ ದಂಡೆಯಿಂದ ಬಂದವರು

ಕಂಬಂ, ಉತ್ತಮಪಾಳ್ಯಂ, ಬೋಡಿ ಸುತ್ತಿನಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಕುಟುಂಬಗಳು ಶತಮಾನಗಳಿಂದ ಇವೆ. ತಮಿಳರು ಇವರಲ್ಲಿ ಒಂದು ಪಂಗಡವನ್ನು ಕಾಪ್ಪಿಲಿಯರ್ ಎನ್ನುತ್ತಾರೆ. ಒಕ್ಕಲಿಗರು ಎಂಬ ಹೆಸರೂ ಇವರಿಗಿದೆ. ಅನುಪ್ಪರು ಇನ್ನೊಂದು ಕನ್ನಡ ಒಕ್ಕಲು ಪಂಗಡ. ತಮ್ಮ ಹಿರಿಯರು ತುಂಗಭದ್ರೆಯ ದಂಡೆಯ ಸೀಮೆಯಿಂದ ದನಕರುಗಳ ಸಮೇತ ದಕ್ಷಿಣಕ್ಕೆ ಬಂದರು ಎಂಬುದು ಕಾಪ್ಪಿಲಿಯರು ಪರಂಪರೆಯಿಂದ ಹೇಳಿಕೊಂಡು ಬಂದ ಕಥೆ. ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಫ್ರಾನ್ಸಿಸ್ 1906ರ ಮದುರೆ ಗೆಜೆಟಿಯರಿನಲ್ಲಿ ಇವರ ವಿಷಯ ಬರೆದಿದ್ದಾನೆ, ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳನ್ನು ಕುರಿತ 1909ರ ತನ್ನ ಸಂಪುಟಗಳಲ್ಲೂ ಸೇರಿಸಿದ್ದಾನೆ.

ಈ ಬರಹಗಳಲ್ಲಿ ಎದ್ದು ಕಾಣುವುದು ಕಂಬಂನ ಒಂದು ದನದ ಹಿಂಡು. ಕನ್ನಡದಲ್ಲಿ ‘ದೇವರ ಆವು’, ತಮಿಳಿನಲ್ಲಿ ‘ತಂಬಿರಾನ್ ಮಾಡು’. ಈ ಹಿಂಡಿನ ಹಸುಗಳ ಹಾಲು ಕರೆಯುವಂತಿಲ್ಲ. ಹಿಂಡಿಗೊಂದು ಪಟ್ಟದ ಹೋರಿ. ಅದು ಸತ್ತರೆ ಹೊಸದನ್ನು ಆರಿಸಲು ಹಿಂಡಿನ ಮುಂದೆ ಕಬ್ಬಿನ ಜಲ್ಲೆ ಇಡುತ್ತಾರೆ. ಮೊದಲು ಅದರ ಬಳಿ ಬಂದ ಹೋರಿಗೆ ಪಟ್ಟ. ನಂದಗೋಪಾಲಸ್ವಾಮಿಯ ಹೆಸರಿನಲ್ಲಿ ಇಂದಿಗೂ ಕಂಬಂನಲ್ಲಿ ಆ ದೊಡ್ಡಿಯೂ ಗುಡಿಯೂ ಇವೆ. ಮಾಟ್ಟು ಪೊಂಗಲ್ ದಿನ ಸುತ್ತಲಿನ ಜನ ಅಲ್ಲಿ ಸೇರುತ್ತಾರೆ.

ಇದನ್ನು ಭಕ್ತಿಯ ಆಚರಣೆ ಎಂದಷ್ಟೇ ನೋಡಿದರೆ ಅದರ ಅರ್ಧ ಅರ್ಥ ತಪ್ಪುತ್ತದೆ. ಮಳೆ ನಂಬಲಾಗದ ಸೀಮೆಯಲ್ಲಿ ನಡೆದು ಹೋಗಬಲ್ಲ ಆಸ್ತಿ ದನ ಒಂದೇ. ಕಣಿವೆಯ ಹುಲ್ಲು ಒಣಗಿದಾಗ ದನ ಬೆಟ್ಟ ಹತ್ತುತ್ತಿದ್ದವು. ಮಳೆ ಬಿದ್ದ ಮೇಲೆ ಕೆಳಗಿಳಿದು ಹೊಲಗಳಲ್ಲಿ ಮಂದೆ ಕೂತು ಗೊಬ್ಬರ ಕೊಡುತ್ತಿದ್ದವು. ಒಂದೇ ನೆಲ ವರ್ಷವಿಡೀ ಮೇಯಿಸಿಕೊಳ್ಳಬೇಕಾಗಿರಲಿಲ್ಲ. ಒಂದು ತಳಿಯ ಹೋರಿ, ಒಂದು ಸಮುದಾಯದ ಹಿಂಡು, ಅದಕ್ಕೊಂದು ಕಟ್ಟುಪಾಡು ಎಂಬ ಏರ್ಪಾಡು ಕ್ಷಾಮದ ವರ್ಷದಲ್ಲೂ ಉಳುವ ಎತ್ತಿನ ಬೀಜ ಉಳಿಸುತ್ತಿತ್ತು. ಬಯಲುಸೀಮೆಯಿಂದ ಬಂದ ಕನ್ನಡಿಗರು ತಮ್ಮೊಡನೆ ತಂದದ್ದು ಒಣ ನೆಲದಲ್ಲಿ ಬಾಳುವ ಈ ವಿದ್ಯೆಯನ್ನು.

ಕನ್ನಡ ನಾಡಿನೊಡನೆ ಈ ಸೀಮೆಗೆ ಇನ್ನೊಂದು ನಂಟೂ ಇದೆ. ಕಂಬಂ ಕಣಿವೆ ಅಂದಿನ ದಿಂಡಿಗಲ್ ಪ್ರಾಂತಕ್ಕೆ ಸೇರಿತ್ತು. 18ನೇ ಶತಮಾನದ ನಡುವಿನಲ್ಲಿ ದಿಂಡಿಗಲ್ ಮೈಸೂರಿನ ಕೈಗೆ ಬಂತು. ಹೈದರಾಲಿ 1755ರ ಸುಮಾರಿಗೆ ಅಲ್ಲಿನ ಫೌಜುದಾರನಾಗಿ ಹೋದದ್ದೇ ಅವನ ಏಳಿಗೆಯ ಮೊದಲ ದೊಡ್ಡ ಮೆಟ್ಟಿಲು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ದಿಂಡಿಗಲ್ ಅನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಈ ಕಣಿವೆಯ ನೀರು, ಕಾಡು, ಕಂದಾಯ ಮೂರರ ತೀರ್ಮಾನವೂ ಮದ್ರಾಸಿನಿಂದ ಬರತೊಡಗಿತು.

ಧಾತು ವರ್ಷ

1876ರ ಹಿಂಗಾರು ಕೈಕೊಟ್ಟಿತು. 1877ರ ಮುಂಗಾರೂ ಬರಲಿಲ್ಲ. ಶಾಂತಸಾಗರದ ನೀರು ಕಾಯ್ದು ಎದ್ದ ಎಲ್ ನಿನೊ ಅದಕ್ಕೆ ಕಾರಣವೆಂದು ಇಂದು ನಮಗೆ ಗೊತ್ತು. ಅಂದು ಜನ ಆ ಸಂವತ್ಸರದ ಹೆಸರಿನಿಂದ ಅದನ್ನು ಕರೆದರು. ಕನ್ನಡದಲ್ಲಿ ಧಾತು ಬರ, ತಮಿಳಿನಲ್ಲಿ ಧಾತು ವರುಷ ಪಂಜಂ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷ ಇದ್ದದ್ದು 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು. ಬಳ್ಳಾರಿ, ಕರ್ನೂಲು, ಸೇಲಂ, ಕೊಯಮತ್ತೂರು, ಮದುರೆ ಎಲ್ಲೆಡೆ ಊರುಗಳು ಬರಿದಾದವು. ಬ್ರಿಟಿಷ್ ಆಳ್ವಿಕೆಯ ಸೀಮೆಗಳಲ್ಲೇ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಯ ಕೂಲಿ ಸಾಕೆಂದು ಸರ್ಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಗೊತ್ತುಮಾಡಿದ. ಅಷ್ಟರಲ್ಲಿ ದುಡಿಯುವ ದೇಹ ಬದುಕಲಾರದು ಎಂದು ಅವನ ಕಾಲದ ವೈದ್ಯಾಧಿಕಾರಿಗಳೇ ವಾದಿಸಿದ್ದರು. ಮದುರೆ, ರಾಮನಾಥಪುರ ಕಡೆಯ ಜನ ಸಿಲೋನಿನ ಕಾಫಿ ತೋಟಗಳಿಗೆ ಗುಂಪುಗುಂಪಾಗಿ ಹೊರಟರು.

ಕ್ಷಾಮದಲ್ಲಿ ಜನ ಸಾಯುವುದರ ಜೊತೆಗೆ ನೆಲವೂ ಸೊರಗುತ್ತದೆ. ಮೊದಲು ದನ ಸಾಯುತ್ತವೆ, ಗೊಬ್ಬರ ನಿಲ್ಲುತ್ತದೆ. ಹಸಿದವರು ಮರದ ಎಲೆ, ತೊಗಟೆ, ಬೇರು ಕೀಳುತ್ತಾರೆ, ಉಳಿದ ಕಟ್ಟಿಗೆ ಮಾರುತ್ತಾರೆ. ಕೆರೆಯ ಹೂಳೆತ್ತುವ ಕೈಗಳು ಇರುವುದಿಲ್ಲ. ಕೊನೆಗೆ ಮಳೆ ಬಂದಾಗ ಬೋಳು ನೆಲದ ಮಣ್ಣು ಹಳ್ಳಕ್ಕೆ ಹರಿಯುತ್ತದೆ. ಆ ಕಾಲದಲ್ಲಿ ಬರಡಾಗುವ ಅಪಾಯ ವೈಗೈ ಬಯಲಿನಲ್ಲಿ, ಅಂದರೆ ಮದುರೆಯಿಂದ ರಾಮನಾಥಪುರದವರೆಗಿನ ಕೆರೆ ಸೀಮೆಯಲ್ಲಿ ಗಟ್ಟಿಯಾಗಿ ಕೂತಿತ್ತು. ವೈಗೈ ವರ್ಷದಲ್ಲಿ ಬಹುಕಾಲ ಬತ್ತಿರುವ ಹೊಳೆ. ಅದನ್ನು ನಂಬಿದ ಸಾವಿರಾರು ಕೆರೆಗಳ ಪೈಕಿ ಹಲವು ತುಂಬುತ್ತಲೇ ಇರಲಿಲ್ಲ.

ಬೆಟ್ಟ ಕೊರೆದು ತಂದ ನೀರು

ಬೆಟ್ಟದ ಆಚೆ ಪೆರಿಯಾರ್ ತುಂಬಿ ಹರಿದು ಅರಬ್ಬಿ ಸಮುದ್ರ ಸೇರುತ್ತದೆ, ಈಚೆ ವೈಗೈ ಒಣಗುತ್ತದೆ. ಆಚೆಯ ನೀರನ್ನು ಈಚೆ ತಿರುಗಿಸಿದರೆ? ಈ ಯೋಚನೆ ಇಂಗ್ಲಿಷರಿಗಿಂತ ಮೊದಲೇ ಹುಟ್ಟಿತ್ತು. 18ನೇ ಶತಮಾನದ ಕೊನೆಗೆ ರಾಮನಾಥಪುರದ ಅರಸ ಸೇತುಪತಿಯ ಪ್ರಧಾನಿ ಮುತ್ತಿರುಳಪ್ಪ ಪಿಳ್ಳೈ ಬೆಟ್ಟಕ್ಕೆ ಆಳುಗಳನ್ನು ಕಳಿಸಿ ದಾರಿ ಹುಡುಕಿಸಿದ್ದ. ಹಣ ಸಾಲದೆ ಅದು ನಿಂತಿತು. 1808ರಲ್ಲಿ ಕ್ಯಾಪ್ಟನ್ ಜೇಮ್ಸ್ ಕಾಲ್ಡ್‌ವೆಲ್ ಆ ಜಾಗ ನೋಡಿ, ಇದು ಬರೀ ಕನಸು, ಯೋಚಿಸಲೂ ಯೋಗ್ಯವಲ್ಲ ಎಂದು ವರದಿ ಕೊಟ್ಟ. 1850ರಲ್ಲಿ ಸಣ್ಣದೊಂದು ಅಣೆಗೆ ಕೈಹಾಕಿದಾಗ ಕೂಲಿಗಳು ಜ್ವರಕ್ಕೆ ಸಿಕ್ಕಿ ಕೆಲಸ ಬಿಟ್ಟರು. 1860ರ ದಶಕದಲ್ಲಿ ಮೇಜರ್ ರೈವ್ಸ್ ದೊಡ್ಡ ಯೋಜನೆ ಬರೆದ. ಅದು ಕೈಗೂಡುವ ಮೊದಲೇ ಧಾತು ಬರ ಬಂತು.

ಲಕ್ಷಾಂತರ ಹೆಣ ಬಿದ್ದ ಮೇಲೆ ಸರ್ಕಾರದ ಲೆಕ್ಕಾಚಾರ ಬದಲಾಯಿತು. 1880ರ ಕ್ಷಾಮ ಆಯೋಗ ನೀರಾವರಿಗೆ ಒತ್ತು ಕೊಟ್ಟಿತು. 1882ರಲ್ಲಿ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಯೋಜನೆಯನ್ನು ಹೊಸದಾಗಿ ರೂಪಿಸಿದ. 1886ರ ಅಕ್ಟೋಬರ್ 29ರಂದು ತಿರುವಾಂಕೂರಿನ ಮಹಾರಾಜ ಮತ್ತು ಬ್ರಿಟಿಷ್ ಸರ್ಕಾರದ ನಡುವೆ 999 ವರ್ಷದ ಗುತ್ತಿಗೆ ಪತ್ರ ಆಯಿತು. 8,000 ಎಕರೆ ನೆಲಕ್ಕೆ ಎಕರೆಗೆ ವರ್ಷಕ್ಕೆ 5 ರೂಪಾಯಿ. 1887ರಲ್ಲಿ ಕೆಲಸ ಶುರುವಾಯಿತು. ಆನೆ, ಜ್ವರ, ದಟ್ಟ ಕಾಡು, ಕಟ್ಟಿದ್ದನ್ನು ಮತ್ತೆ ಮತ್ತೆ ಕೊಚ್ಚಿಕೊಂಡು ಹೋಗುವ ಪ್ರವಾಹ ಇವುಗಳ ನಡುವೆ ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಅಣೆಕಟ್ಟು ಎದ್ದಿತು. ರೋಗಕ್ಕೆ ನೂರಾರು ಕೂಲಿಗಳು ಬಲಿಯಾದರು. ನೀರನ್ನು ಈಚೆ ತರಲು ಬೆಟ್ಟದ ಬಂಡೆಯೊಳಗೆ ಒಂದು ಮೈಲಿಗೂ ಉದ್ದದ ಸುರಂಗ ಕೊರೆದರು. 1895ರ ಅಕ್ಟೋಬರ್ 10ರಂದು ಮದ್ರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ನೀರು ಬಿಟ್ಟ.

ಆ ನೀರು ಹೊರಟದ್ದು ಮದುರೆಯ ಬಯಲಿಗೆ. ಹೋಗುವ ದಾರಿ ಮಾತ್ರ ಕಂಬಂ ಕಣಿವೆ. ಸುರಂಗದಿಂದ ವೈರವನಾರು ಹಳ್ಳಕ್ಕೆ, ಅಲ್ಲಿಂದ ಸುರುಳಿ ಹೊಳೆಗೆ, ಮುಂದೆ ವೈಗೈಗೆ. ಸುರುಳಿ ಹೊಳೆಯ ಮೇಲೆ ಮೊದಲೇ ಹಳೆಯ ಒಡ್ಡುಗಳೂ ಕಾಲುವೆಗಳೂ ಇದ್ದವು. ಹೊಳೆ ವರ್ಷವಿಡೀ ಹರಿಯತೊಡಗಿದಾಗ ಆ ಕಾಲುವೆಗಳಿಗೂ ಜೀವ ಬಂತು. ಇಂದು ಬೆಟ್ಟದ ಬುಡದ ಲೋವರ್ ಕ್ಯಾಂಪಿನಿಂದ ಪಳನಿಚೆಟ್ಟಿಪಟ್ಟಿವರೆಗೆ ಎರಡು ಬೆಳೆಯ 14,707 ಎಕರೆ ಗದ್ದೆ ಇದೆ. ಅದರಲ್ಲಿ 11,807 ಎಕರೆ ಉತ್ತಮಪಾಳ್ಯಂ ತಾಲ್ಲೂಕಿನದು, 2,412 ಎಕರೆ ತೇನಿಯದು, 488 ಎಕರೆ ಬೋಡಿಯದು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಕೂತ ಊರುಗಳು ಭತ್ತದ ಕಣಜವಾದದ್ದು ಹೀಗೆ. ಲೋವರ್ ಕ್ಯಾಂಪಿನಲ್ಲಿ ತಮಿಳುನಾಡು ಸರ್ಕಾರ 2013ರಲ್ಲಿ ಪೆನ್ನಿಕ್ವಿಕ್ ಸ್ಮಾರಕ ತೆರೆಯಿತು. ಅವನು ಹುಟ್ಟಿದ ಜನವರಿ 15 ಪೊಂಗಲ್ ಹಬ್ಬದ ಹೊತ್ತಿಗೇ ಬರುವುದರಿಂದ ಕಣಿವೆಯ ರೈತರು ಅವನ ಹೆಸರಿನಲ್ಲೂ ಪೊಂಗಲ್ ಇಡುತ್ತಾರೆ. ಹಸಿವು ಕಂಡ ಜನರ ಕೃತಜ್ಞತೆ ಅದು. ಅದಕ್ಕೆ ಕಾರಣವಿದೆ.

ಕಣಿವೆಯ ತಳದಿಂದ ಬರಡಿನ ಅಪಾಯ ಹಿಂದೆ ಸರಿಯಿತು. ಸರಿದು ಹೋದದ್ದೆಲ್ಲಿಗೆ?

ಅಪಾಯ ಬೆಟ್ಟ ಹತ್ತಿತು

ನೀರು ಬಂದ ಹತ್ತಿಪ್ಪತ್ತು ವರ್ಷಗಳ ಆಚೀಚೆ ಇನ್ನೊಂದು ಬದಲಾವಣೆ ಆಗುತ್ತಿತ್ತು. 1882ರ ಮದ್ರಾಸ್ ಅರಣ್ಯ ಕಾಯ್ದೆ ಬೆಟ್ಟಗಳನ್ನು ಮೀಸಲು ಕಾಡುಗಳಾಗಿ ಗುರುತಿಸಿತು. ಮೇಯಿಸುವುದಕ್ಕೆ ಚೀಟಿ, ಶುಲ್ಕ, ಗಡಿ ಬಂದವು. ಕಾಡು ಉಳಿಸಬೇಕೆಂಬುದು ಸರಿಯೇ. ಆದರೆ ಅದೇ ಆಡಳಿತ ಮೇಲಿನ ಬೆಟ್ಟಗಳಲ್ಲಿ ಕಾಫಿ, ಏಲಕ್ಕಿ, ಚಹಾ ತೋಟಗಳಿಗೆ ಮಳೆಕಾಡು ಕಡಿಯಲು ಅವಕಾಶ ಕೊಟ್ಟಿತು. ದನದವರು ಕೆಳಕ್ಕೆ ಸರಿಯಬೇಕಾಯಿತು, ಕೆಳಗಿನ ಗೋಮಾಳಗಳು ಗದ್ದೆಯಾಗುತ್ತಿದ್ದವು. ನಡುವೆ ಉಳಿದ ಬೆಟ್ಟದ ಬುಡದ ಕುರುಚಲು ಕಾಡು ಎರಡೂ ಕಡೆಯ ಭಾರ ಹೊತ್ತಿತು.

20ನೇ ಶತಮಾನದ ನಡುವಿನಿಂದ ಈ ಭಾರ ವರುಷನಾಡಿನ ಮೇಲೆ ಬಿತ್ತು. ವೈಗೈ ಹೊಳೆಯ ತಲೆಯಾದ ಮೂಲ ವೈಗೈ ಹುಟ್ಟುವುದು ಅಲ್ಲಿನ ಬೆಟ್ಟಗಳಲ್ಲಿ. ಕಣಿವೆಗೆ ಪೆರಿಯಾರ್ ನೀರು ಬಂದಂತೆ ವರುಷನಾಡಿಗೆ ಯಾವ ಕಾಲುವೆಯೂ ಬರಲಿಲ್ಲ. ನೆಲವಿಲ್ಲದವರು, ಬಯಲಿನಲ್ಲಿ ಕೂಲಿ ಸಿಗದವರು ಬೆಟ್ಟ ಹತ್ತಿ ಕಾಡು ಸವರಿ ಗೇರು, ಬೂರುಗ, ಅವರೆ ಹಾಕಿದರು. ಕಡಮಲೈಗುಂಡು ಸುತ್ತಿನ ಬೂರುಗದ ಹತ್ತಿ ಹಾಸಿಗೆ, ದಿಂಬುಗಳಾಗಿ ದೂರದೂರಕ್ಕೆ ಹೋಗುತ್ತದೆ. ಬಡವರು ಕಂಡುಕೊಂಡ ಆ ಬದುಕನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಇಳಿಜಾರಿನ ಕಾಡು ತೆಗೆದು ವರ್ಷವರ್ಷ ನೆಲ ಕೆದಕಿದರೆ ಹಿಂಗಾರಿನ ಒಂದು ಜಡಿಮಳೆ ಸಾಕು, ಮಣ್ಣು ಹೊಳೆ ಸೇರುತ್ತದೆ.

ಆ ಮಣ್ಣು ಹೋಗಿ ನಿಂತದ್ದು ವೈಗೈ ಅಣೆಕಟ್ಟಿನಲ್ಲಿ. ಆಂಡಿಪಟ್ಟಿ ಬಳಿ 111 ಅಡಿ ಎತ್ತರದ ಈ ಅಣೆಕಟ್ಟನ್ನು ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ, 1959ರ ಜನವರಿಯಲ್ಲಿ ನಾಡಿಗೆ ಒಪ್ಪಿಸಿದರು. ಪೆರಿಯಾರ್ ನೀರನ್ನೂ ಮೂಲ ವೈಗೈ ನೀರನ್ನೂ ಕೂಡಿಹಾಕಿ ಮದುರೆ, ಶಿವಗಂಗೆ, ರಾಮನಾಥಪುರಕ್ಕೆ ಹಂಚುವ ಕೆಲಸ ಅದರದು. ಪೆರಿಯಾರ್ ಕಡೆಯಿಂದ ಬರುವ ನೀರು ಕಾಡಿನೊಳಗಿನ ಜಲಾಶಯದಲ್ಲಿ ತಿಳಿಯಾಗಿ ಬರುತ್ತದೆ. ಮೂಲ ವೈಗೈ ಬೋಳು ಬೆಟ್ಟದ ಕೆಂಪು ನೀರನ್ನು ತರುತ್ತದೆ. ಹೂಳು ತುಂಬಿ ವೈಗೈ ಜಲಾಶಯದ ಹೊಟ್ಟೆ ಕಿರಿದಾಗಿದೆ. ಮಳೆ ಅಷ್ಟೇ ಬಂದರೂ ಹಿಡಿದಿಡುವ ನೀರು ಕಡಿಮೆ. ವರುಷನಾಡಿನ ಇಳಿಜಾರಿನಲ್ಲಿ ಆದ ನಷ್ಟ ನೂರು ಮೈಲಿ ಆಚೆ ರಾಮನಾಥಪುರದ ಕೊನೆಯ ಕೆರೆಯಲ್ಲಿ ಲೆಕ್ಕಕ್ಕೆ ಬರುತ್ತದೆ.

2021ರ ಫೆಬ್ರವರಿಯಲ್ಲಿ ಈ ಬೆಟ್ಟಗಳನ್ನು ಸೇರಿಸಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಸಾವಿರ ಚದರ ಕಿಲೋಮೀಟರ್ ಮೀರಿದ ಕಾಡು ಅದು. ಹುಲಿಯ ಹೆಸರಿನಲ್ಲಿ ಉಳಿಯಬೇಕಾದದ್ದು ವೈಗೈನ ತಲೆಯೂ ಹೌದು. ಮರುವರ್ಷ, 2022ರಲ್ಲಿ ಮದ್ರಾಸ್ ಹೈಕೋರ್ಟ್ ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಆಮೇಲೆ ಆ ನಿಷೇಧವನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ತೇನಿಯ ‘ಮಲೈ ಮಾಡು’, ಅಂದರೆ ಬೆಟ್ಟದ ದನದ ತಳಿ ಸಾಕುವವರಿಗೆ ಇದು ದೊಡ್ಡ ಏಟು. ಸಾಲದೆಂಬಂತೆ ಕೆಳಗಿನ ಗೋಮಾಳಗಳು ಆಗಲೇ ಕರಗಿಹೋಗಿವೆ. ಕಾಡು ಉಳಿಯಬೇಕು, ಕಾಡಿನ ಅಂಚಿನಲ್ಲಿ ದನಕ್ಕೂ ಹುಲ್ಲುಗಾವಲು ಉಳಿಯಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದರೆ ಹಳೆಯ ತಪ್ಪೇ ಮರುಕಳಿಸುತ್ತದೆ.

ಅಪಾಯ ನೆಲದಡಿಗೆ ಇಳಿಯಿತು

ಕಾಲುವೆಯ ನೀರು ಏರದ ಮೇಲ್ನೆಲ ಕಣಿವೆಯಲ್ಲಿ ಬೇಕಾದಷ್ಟಿತ್ತು. ಮೊದಲು ಅಲ್ಲಿ ಜೋಳ, ಸಜ್ಜೆ, ಹುರುಳಿ. ಕಪಿಲೆಯ ಬಾವಿಗಳಿಗೆ ಒಂದು ಮಿತಿ ಇತ್ತು: ಎತ್ತು ಎಷ್ಟು ಎಳೆಯಬಲ್ಲವೋ ಅಷ್ಟೇ ನೀರು. 1950ರ ದಶಕದ ಕೊನೆಯಲ್ಲಿ ಪೆರಿಯಾರ್ ನೀರಿನಿಂದಲೇ ಲೋವರ್ ಕ್ಯಾಂಪಿನಲ್ಲಿ ವಿದ್ಯುತ್ ತಯಾರಾಗತೊಡಗಿತು. ಕರೆಂಟು ಬಂದ ಮೇಲೆ ಪಂಪುಸೆಟ್ಟು, ಅದರ ಹಿಂದೆ ಕೊಳವೆಬಾವಿ. ಮೇಲ್ನೆಲವೂ ಹಸಿರಾಯಿತು. ಕಂಬಂನ ಪನ್ನೀರು ದ್ರಾಕ್ಷಿ ವರ್ಷದುದ್ದಕ್ಕೂ ಕೊಯ್ಲಿಗೆ ಸಿಗುವ ಬೆಳೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕಣಿವೆಯ ರೈತರ ದುಡಿಮೆಗೆ ಸಂದ ಗೌರವ ಅದು.

ಆದರೆ ಗಟ್ಟಿ ಬಂಡೆಯ ಈ ಸೀಮೆಯಲ್ಲಿ ಅಂತರ್ಜಲ ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಅಲ್ಲಿರುವುದು ಕಡಿಮೆ, ತುಂಬುವುದು ನಿಧಾನ. ಇಂಗುವುದಕ್ಕಿಂತ ಹೆಚ್ಚು ಎತ್ತಿದರೆ ಮೇಲೆ ಹಸಿರು ಕಾಣುತ್ತಿರುವಾಗಲೇ ಕೆಳಗೆ ಬರಿದಾಗುತ್ತದೆ. ಬರಡಿನ ಈ ರೂಪ ಹೆಚ್ಚು ಭಯದ್ದು, ಏಕೆಂದರೆ ನಕ್ಷೆಯಲ್ಲಿ ಅದು ತೋಟವಾಗಿಯೇ ಕಾಣುತ್ತದೆ. ಕೊಳವೆಬಾವಿ ಸೋತ ಮೇಲೆ ತೋಟ ಒಣಗುತ್ತದೆ, ಸಾಲ ಉಳಿಯುತ್ತದೆ, ನೆಲ ಬೀಳು ಬೀಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾವಿರ ಅಡಿ ಕೊರೆದು ಬರೀ ಪುಡಿ ಕಂಡವರು ಅವರು.

ಕಣಿವೆ ಇದಕ್ಕೆ ಕಂಡುಕೊಂಡ ಒಂದು ಉತ್ತರ ಗಮನಿಸತಕ್ಕದ್ದು. ಪೆರಿಯಾರ್ ನೀರು ತೆಗೆದುಕೊಂಡು ಬೆಟ್ಟದ ಬುಡದಲ್ಲೇ ಸಾಗುವ ಹದಿನೆಂಟನೇ ಕಾಲುವೆ ಉತ್ತಮಪಾಳ್ಯಂ ಮತ್ತು ಬೋಡಿ ತಾಲ್ಲೂಕಿನ 44 ಕೆರೆಗಳಿಗೆ ನೀರು ಒದಗಿಸಬೇಕೆಂದು ಕಟ್ಟಿದ್ದು. ಅದರ ಅಚ್ಚುಕಟ್ಟು 4,614 ಎಕರೆ. ಹೆಚ್ಚುವರಿ ನೀರಿದ್ದಾಗ ಕೆಲವು ದಿನ ಮಾತ್ರ ಬಿಡುತ್ತಾರೆ. ಗದ್ದೆಗೆ ಹಾಯುವುದಕ್ಕಿಂತ ಕೆರೆ ತುಂಬಿ ಸುತ್ತಲ ಬಾವಿಗಳಿಗೆ ಇಂಗುವುದರಲ್ಲೇ ಅದರ ದೊಡ್ಡ ಲಾಭ. ಆದರೆ ಆ ಹೆಚ್ಚುವರಿ ನೀರು ಕೂಡ ಬೆಟ್ಟದ ಆಚೆಯ ಅಣೆಕಟ್ಟಿನ ಮಟ್ಟಕ್ಕೆ ಕಟ್ಟುಬಿದ್ದಿದೆ. ಸುರಕ್ಷತೆಯ ಆತಂಕದಿಂದ 1979ರಲ್ಲಿ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ 142 ಅಡಿಗೆ ಒಪ್ಪಿತು. ಅಣೆಕಟ್ಟಿನ ಕೆಳಗೆ ಬದುಕುವ ಕೇರಳದವರ ಭಯ ನಿಜವಾದದ್ದು, ಈಚೆಯವರ ಬಾಯಾರಿಕೆಯೂ ನಿಜವಾದದ್ದು. ಒಂದೂವರೆ ಶತಮಾನದ ಹಿಂದೆ ಮಳೆ ತಪ್ಪುವುದಕ್ಕೆ ಹೆದರುತ್ತಿದ್ದ ಕಣಿವೆ ಈಗ ಕೋರ್ಟಿನ ತೀರ್ಪನ್ನು ನೋಡಿ ಹೆದರುತ್ತದೆ.

ಲೋಕದ ನಕ್ಷೆಯಲ್ಲಿ

ಈ ಕಣಿವೆ ಕಲಿಸುವ ಪಾಠವನ್ನು ಲೋಕ ನಿಧಾನವಾಗಿ ಕಲಿತಿದೆ. 1949ರಲ್ಲಿ ಫ್ರೆಂಚ್ ಅರಣ್ಯಶಾಸ್ತ್ರಜ್ಞ ಆಂದ್ರೆ ಓಬ್ರೆವಿಲ್ ಮರುಭೂಮೀಕರಣದ ವಿಷಯ ಬರೆದಾಗ ಅವನ ಕಣ್ಣಿದ್ದದ್ದು ಸಹಾರಾದ ಅಂಚಿನ ಮೇಲಲ್ಲ. ಮಳೆ ಚೆನ್ನಾಗಿ ಬೀಳುವ ಆಫ್ರಿಕದ ಕಾಡುಸೀಮೆಗಳು ಕಡಿತಕ್ಕೂ ಬೆಂಕಿಗೂ ಸಿಕ್ಕಿ ಬರಡಾಗುತ್ತಿದ್ದುದರ ಮೇಲೆ. 1968ರಿಂದ 1973ರವರೆಗೆ ಸಾಹೆಲ್ ಸೀಮೆಯಲ್ಲಿ ಭೀಕರ ಬರ ಬಂತು. 1975ರಲ್ಲಿ ಪರಿಸರ ವಿಜ್ಞಾನಿ ಹ್ಯೂ ಲ್ಯಾಂಪ್ರಿ ಸುಡಾನಿನಲ್ಲಿ ಮರುಭೂಮಿ ವರ್ಷಕ್ಕೆ ಐದೂವರೆ ಕಿಲೋಮೀಟರ್ ದಕ್ಷಿಣಕ್ಕೆ ಬರುತ್ತಿದೆ ಎಂದ. 1977ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು. ಆಮೇಲೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಅದೇ ಸುಡಾನನ್ನು ಅಳೆದಾಗ ಅಂಥ ನಿರಂತರ ಮುನ್ನಡೆ ಕಾಣಲಿಲ್ಲ. ಮಳೆ ಬಂದ ವರ್ಷ ಹಸಿರು ಮರಳುತ್ತಿತ್ತು. ನೈಜರಿನ ದಕ್ಷಿಣದಲ್ಲಿ ರೈತರು ಹೊಲದಲ್ಲಿ ತಾನಾಗಿ ಚಿಗುರುವ ಬೊಡ್ಡೆಗಳನ್ನು ಕಡಿಯದೆ ಬೆಳೆಸಿ, ಸುಮಾರು 50 ಲಕ್ಷ ಹೆಕ್ಟೇರಿಗೆ ಮರ ಮರಳಿಸಿದ್ದಾರೆ. ಅಪಾಯ ಹಿಂದೆಯೂ ಸರಿಯಬಲ್ಲದು ಎನ್ನುವುದಕ್ಕೆ ಅದೇ ಸಾಕ್ಷಿ.

1994ರಲ್ಲಿ ಮರುಭೂಮೀಕರಣ ತಡೆಯುವ ಒಡಂಬಡಿಕೆ ಆಯಿತು, 1996ರಲ್ಲಿ ಜಾರಿಗೆ ಬಂತು. 2018ರಲ್ಲಿ ಪ್ರಕಟವಾದ ಜಾಗತಿಕ ಮರುಭೂಮೀಕರಣ ಅಟ್ಲಾಸ್‌ನ ಮೂರನೇ ಆವೃತ್ತಿ, ‘ಇಲ್ಲಿ ಮರುಭೂಮೀಕರಣ, ಇಲ್ಲಿಲ್ಲ’ ಎಂದು ಒಂದೇ ನಕ್ಷೆ ಬರೆಯುವುದನ್ನೇ ಕೈಬಿಟ್ಟಿತು. ಯಾವ ಸೀಮೆಯಲ್ಲಿ ಯಾವ ಯಾವ ಒತ್ತಡಗಳು ಕೂಡಿಬರುತ್ತಿವೆ ಎಂದು ತೋರಿಸುವುದೇ ಸರಿ ಎಂದು ಅದನ್ನು ರೂಪಿಸಿದವರು ಕಂಡುಕೊಂಡರು. 2024ರ ಡಿಸೆಂಬರಿನಲ್ಲಿ ರಿಯಾದ್ ಸಮ್ಮೇಳನದ ಹೊತ್ತಿಗೆ ಬಂದ ವರದಿಯ ಪ್ರಕಾರ, 2020ಕ್ಕೆ ಕೊನೆಗೊಂಡ ಮೂವತ್ತು ವರ್ಷಗಳಲ್ಲಿ ಭೂಮಿಯ ಶೇಕಡ 77.6ರಷ್ಟು ನೆಲ ಅದಕ್ಕೆ ಹಿಂದಿನ ಮೂವತ್ತು ವರ್ಷಕ್ಕಿಂತ ಹೆಚ್ಚು ಒಣಗಿದೆ.

ನಮ್ಮ ದೇಶದ ಲೆಕ್ಕವನ್ನು ಇಸ್ರೋದ ಅಹಮದಾಬಾದ್ ಕೇಂದ್ರ ಉಪಗ್ರಹ ಚಿತ್ರಗಳಿಂದ ಮೂರು ಸಲ ತೆಗೆದಿದೆ. ಕಸುವು ಕಳೆದುಕೊಂಡ ನೆಲ 2003–05ರಲ್ಲಿ 9.45 ಕೋಟಿ ಹೆಕ್ಟೇರ್, 2011–13ರಲ್ಲಿ 9.64 ಕೋಟಿ, 2018–19ರಲ್ಲಿ 9.78 ಕೋಟಿ. ದೇಶದ ನೆಲದಲ್ಲಿ ಹತ್ತಿರಹತ್ತಿರ ಶೇಕಡ 30. 2011–13ರ ಲೆಕ್ಕದಲ್ಲಿ ಕರ್ನಾಟಕದ ಮೂರರಲ್ಲೊಂದು ಪಾಲಿಗೂ ಹೆಚ್ಚು ನೆಲ ಈ ಪಟ್ಟಿಯಲ್ಲಿತ್ತು. ತಮಿಳುನಾಡಿನ ಪಾಲು ಅದಕ್ಕಿಂತ ಬಹಳ ಕಡಿಮೆ. ನಮ್ಮಲ್ಲಿ ಮುಖ್ಯ ಕಾರಣ ಮಳೆನೀರಿನ ಕೊಚ್ಚಣೆ. ಅಂದರೆ ನಮ್ಮನ್ನು ಬರಡಾಗಿಸುತ್ತಿರುವುದು ಬಿದ್ದ ಮಳೆಯನ್ನು ಹಿಡಿಯಲಾರದ ನೆಲ.

ಕಾಪ್ಪಿಲಿಯರ ಹಿರಿಯರು ಬಿಟ್ಟು ಬಂದರೆನ್ನುವ ತುಂಗಭದ್ರೆಯ ದಂಡೆಯನ್ನೇ ನೋಡಿ. 1953ರಲ್ಲಿ ಅಣೆಕಟ್ಟು ತುಂಬಿದಾಗ ಅದರ ಸಾಮರ್ಥ್ಯ 133 ಟಿಎಂಸಿ. ಇಂದು ಸುಮಾರು 105 ಟಿಎಂಸಿ. ಉಳಿದ ಜಾಗದಲ್ಲಿ ಮಲೆನಾಡಿನ, ಬಯಲಿನ ಮಣ್ಣು ಕೂತಿದೆ. ಕೆಳಗೆ ಸಿಂಧನೂರು, ಗಂಗಾವತಿ ಕಡೆ ಭತ್ತಕ್ಕೆ ನೀರು ಹೆಚ್ಚಾಗಿ ನೆಲ ಜೌಗು ಹಿಡಿದು ಸವುಳಾಗಿದೆ, ಕಾಲುವೆಯ ತುದಿಯ ಊರುಗಳಿಗೆ ನೀರೇ ಮುಟ್ಟುವುದಿಲ್ಲ. ಒಂದೇ ಅಣೆಕಟ್ಟಿನ ಕೆಳಗೆ ನೀರು ಹೆಚ್ಚಾಗಿ ಕೆಟ್ಟ ನೆಲ, ನೀರು ಸಾಲದೆ ಕೆಟ್ಟ ನೆಲ ಎರಡೂ ಇವೆ. ನೂರಾರು ಮೈಲಿ ದೂರದ ಎರಡು ಕನ್ನಡ ಸೀಮೆಗಳು ಒಂದೇ ಪಾಠವನ್ನು ಬೇರೆಬೇರೆ ದಾರಿಯಲ್ಲಿ ಕಲಿಯುತ್ತಿವೆ.

ಏನು ಮಾಡಬೇಕು

2019ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಭಾರತ, 2030ರೊಳಗೆ 2.6 ಕೋಟಿ ಹೆಕ್ಟೇರ್ ಕೆಟ್ಟ ನೆಲವನ್ನು ಸರಿಪಡಿಸುತ್ತೇನೆಂದು ಮಾತು ಕೊಟ್ಟಿದೆ. ಆ ಮಾತು ನಡೆಯಬೇಕಾದರೆ ಸಸಿ ನೆಟ್ಟ ಎಕರೆ ಲೆಕ್ಕ ಹಾಕಿದರೆ ಸಾಲದು. ಒಂದು ಹೊಳೆಯ ತಲೆಯಿಂದ ಬಾಲದವರೆಗೆ ಒಟ್ಟಿಗೆ ನೋಡಬೇಕು. ಕಣಿವೆಯ ಗದ್ದೆಗೆ ಕೊಟ್ಟ ನೀರಿನ ಲಾಭದಲ್ಲಿ ಒಂದು ಪಾಲು ಬೆಟ್ಟದ ಇಳಿಜಾರಿಗೆ ಮರಳಬೇಕು. ವರುಷನಾಡಿನ ಬಡ ರೈತನಿಗೆ ಮಣ್ಣು ಹಿಡಿಯುವ ಬೆಳೆಯಿಂದ ಹೊಟ್ಟೆ ತುಂಬುವಂತೆ ಆಗಬೇಕು. ಕೆರೆಯ ಹೂಳು ಹೊಲಕ್ಕೆ ಹೋಗಬೇಕು. ಕೊಳವೆಬಾವಿ ಕೊರೆಯುವ ಮುನ್ನ ಊರು ತನ್ನ ಅಂತರ್ಜಲದ ಲೆಕ್ಕ ಹಾಕಿಕೊಳ್ಳಬೇಕು. ಗೋಮಾಳ ಎಂದರೆ ಖಾಲಿ ಬಿದ್ದ ಸರ್ಕಾರಿ ಜಾಗ ಎನ್ನುವ ತಿಳಿವಳಿಕೆ ಹೋಗಬೇಕು.

ನೀರಾವರಿ ತಂದವರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಅದೇ ಗೌರವದಿಂದ ಕಾಡು ಉಳಿಸಿದವರನ್ನೂ, ಮೇಯುವ ಹಿಂಡಿಗೆ ಕಟ್ಟುಪಾಡು ಮಾಡಿದ ಹಿರಿಯರನ್ನೂ ನೆನೆಯುವುದನ್ನು ಕಲಿಯಬೇಕು. ನಿಮ್ಮ ಊರಿನ ಗದ್ದೆ ಹಸಿರಾಗಿದ್ದರೆ ಅದರ ನೀರು ಎಲ್ಲಿಂದ ಬರುತ್ತಿದೆ, ಅಲ್ಲಿನ ನೆಲ ಹೇಗಿದೆ ಎಂದು ಕೇಳಿ. ಪಂಚಾಯ್ತಿಯ ಸಭೆಯಲ್ಲಿ, ನೀರು ಬಳಕೆದಾರರ ಸಂಘದಲ್ಲಿ, ಮತ ಕೇಳಲು ಬಂದವರ ಮುಂದೆ ಈ ಪ್ರಶ್ನೆ ಇಡಿ. ಹೊಳೆಯ ತಲೆಯನ್ನು ಕಾಯದ ಯಾವ ನೀರಾವರಿಯೂ ಬಹುಕಾಲ ಉಳಿಯದು.